ಚಾಟ್‌ನಲ್ಲಿ ಭಾವ ತಿಳಿಸುವ ಸಂಕ್ಷೇಪಗಳು: ಓದುವ ಮತ್ತು ಬರೆಯುವ ಬಗೆ

ಬೆಂಗಳೂರಿನಲ್ಲಿ ನೆಲೆಸಿರುವ ಕನ್ನಡಿಗರ ಮೊಬೈಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ವಾಟ್ಸ್ಆ್ಯಪ್ ಗುಂಪುಗಳಾದರೂ ಇರುತ್ತವೆ: ಮನೆಮಂದಿಯದು, ಅಪಾರ್ಟ್‌ಮೆಂಟಿನದು, ಆಫೀಸಿನದು ಮತ್ತು ಕಾಲೇಜಿನ ಗೆಳೆಯರದು. ಕಾಲೇಜಿನ ಗುಂಪಿನಲ್ಲಿ ಯಾರೂ ಗಮನಿಸದೆ ಸರಿದುಹೋಗುವ, ನಗುವನ್ನು ಸೂಚಿಸುವ ಒಂದು "ಲೋಲ್" ಮನೆಮಂದಿಯ ಗುಂಪಿನಲ್ಲಿ ಉಡಾಫೆಯಾಗಿ, ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಅಣಕವಾಗಿ, ಆಫೀಸಿನಲ್ಲಿ ಬೇಜವಾಬ್ದಾರಿಯಾಗಿ ಕಾಣಿಸಬಹುದು. ಇಂಗ್ಲಿಷಿನಿಂದ ಬಂದ ಇಂಥ ಸಂಕ್ಷೇಪಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ; ಅವುಗಳನ್ನು ಕನ್ನಡದ ಮಾತಿನೊಳಗೆ, ಕನ್ನಡಿಗರ ನಡುವೆ ಬಳಸುವುದು ಹೇಗೆ ಎಂಬುದು ಮಾತ್ರ ಆ ಪಟ್ಟಿಗಳಲ್ಲಿ ಇರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಸಂಕ್ಷೇಪಗಳು ಭಾವವನ್ನು ತಕ್ಕಮಟ್ಟಿಗೆ ತಲುಪಿಸುತ್ತವೆ, ಆದರೆ ಬರೆಯುವವರಿಗೂ ಓದುವವರಿಗೂ ಇರುವ ಸಂಬಂಧವನ್ನು ತಲುಪಿಸುವುದಿಲ್ಲ. ಕನ್ನಡದಲ್ಲಿ ಸಂಬಂಧವನ್ನು ಬಿಟ್ಟು ಭಾವವನ್ನಷ್ಟೇ ಹೇಳಿದರೆ ಮಾತು ಒರಟಾಗುತ್ತದೆ. ಮುಂದೆ ಬರುವ ಸಲಹೆಗಳೆಲ್ಲ ಹೆಚ್ಚುಕಡಿಮೆ ಇದೊಂದು ತೊಡಕನ್ನು ಬಿಡಿಸಿಕೊಳ್ಳುವ ದಾರಿಗಳು.

ಇವು ಹೀಗೇಕೆ ಇವೆ

ಈ ರೂಪಗಳು ಸೋಮಾರಿತನದಿಂದ ಹುಟ್ಟಿದವೆಂದು ಹಿರಿಯರು ದೂರುವುದುಂಟು. ನಿಜವಾದ ಕಾರಣ ತಂತ್ರಜ್ಞಾನದ ಮಿತಿ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಮೊದಲ ಎಸ್‌ಎಂಎಸ್ ಹೋಯಿತು. ಆ ವ್ಯವಸ್ಥೆಯಲ್ಲಿ ಒಂದು ಸಂದೇಶಕ್ಕೆ ರೋಮನ್ ಲಿಪಿಯ 160 ಅಕ್ಷರಗಳಷ್ಟೇ ಜಾಗವಿತ್ತು. ಕನ್ನಡದಂಥ ಲಿಪಿಗಳಲ್ಲಿ ಬರೆದರೆ ಅದು 70 ಸಂಕೇತಗಳಿಗೆ ಇಳಿಯುತ್ತಿತ್ತು. ಕನ್ನಡದಲ್ಲಿ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ" ಎಂಬುದು ಯಂತ್ರದ ಲೆಕ್ಕದಲ್ಲಿ ಆರು ಸಂಕೇತಗಳಾದ್ದರಿಂದ, 70 ಎಂದರೆ ಎರಡು ಮೂರು ಸಾಲುಗಳೂ ಅಲ್ಲ. ಅದರ ಮೇಲೆ ಗುಂಡಿಗಳ ಮೊಬೈಲಿನಲ್ಲಿ "ಎಸ್" ಎಂಬ ಒಂದು ಅಕ್ಷರ ಬರಬೇಕಾದರೆ 7ರ ಗುಂಡಿಯನ್ನು ನಾಲ್ಕು ಬಾರಿ ಒತ್ತಬೇಕಿತ್ತು. ನಮ್ಮ ದೇಶದಲ್ಲಿ ದೀಪಾವಳಿ, ಹೊಸ ವರ್ಷದಂಥ ದಿನಗಳಲ್ಲಿ ಮೊಬೈಲ್ ಕಂಪನಿಗಳು ಎಸ್‌ಎಂಎಸ್ ಪ್ಯಾಕ್‌ಗಳನ್ನು ಅಮಾನ್ಯ ಮಾಡಿ ಪ್ರತಿ ಸಂದೇಶಕ್ಕೂ ಹಣ ಹಿಡಿಯುತ್ತಿದ್ದುದನ್ನು ಮೂವತ್ತು ದಾಟಿದವರು ಮರೆತಿರಲಾರರು. ಹೀಗಾಗಿ ಕನ್ನಡಿಗರೂ ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವುದನ್ನು, ಜೊತೆಗೆ ಇಂಗ್ಲಿಷಿನ ಸಂಕ್ಷೇಪಗಳನ್ನು ರೂಢಿಸಿಕೊಂಡರು.

ಬರಹದಲ್ಲಿ ಭಾವಕ್ಕೊಂದು ಗುರುತು ಬೇಕೆಂಬ ಯೋಚನೆ ಎಸ್‌ಎಂಎಸ್‌ಗಿಂತ ಹಳೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಬರೆದು ಓದುತ್ತಿದ್ದ ಕಂಪ್ಯೂಟರ್ ಸೂಚನಾಫಲಕದಲ್ಲಿ ತಮಾಷೆಗೆ ಬರೆದದ್ದನ್ನು ಕೆಲವರು ನಿಜವೆಂದು ನಂಬಿಬಿಡುತ್ತಿದ್ದುದರಿಂದ, 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮಾಷೆಯ ಸಾಲಿನ ಮುಂದೆ :-) ಎಂದೂ, ತಮಾಷೆಯಲ್ಲದ್ದಕ್ಕೆ :-( ಎಂದೂ ಹಾಕಬಹುದೆಂದು ಸೂಚಿಸಿದರು. "ಓಎಂಜಿ" ಇನ್ನೂ ಹಳೆಯದು. 1917ರಲ್ಲಿ ಬ್ರಿಟನ್ನಿನ ನೌಕಾಪಡೆಯ ಹಿರಿಯ ಅಧಿಕಾರಿ ಲಾರ್ಡ್ ಫಿಶರ್ ಅವರು ವಿನ್‌ಸ್ಟನ್ ಚರ್ಚಿಲ್ ಅವರಿಗೆ ಬರೆದ ಕಾಗದದಲ್ಲಿ ಅದು "ಓ ಮೈ ಗಾಡ್" ಎಂಬ ವಿವರಣೆಯ ಸಮೇತ ಸಿಗುತ್ತದೆ. ಓಎಂಜಿ ಮತ್ತು ಲೋಲ್ ಎರಡೂ 2011ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿದವು. ಈಗ ಅಕ್ಷರದ ಮಿತಿಯೂ ಇಲ್ಲ, ಸಂದೇಶಕ್ಕೆ ಹಣವೂ ಇಲ್ಲ. ಆದರೂ ಇವು ಉಳಿದಿರುವುದು ಜಾಗ ಉಳಿಸುವುದಕ್ಕಲ್ಲ, ದನಿಯ ಬದಲಿಗೆ.

ಓದುವಾಗ

ಗೊತ್ತಿಲ್ಲದ ಸಂಕ್ಷೇಪ ಬಂದಾಗ ಅದನ್ನು ಬಿಡಿಸುವ ಮೊದಲು ಅದು ವಾಕ್ಯದಲ್ಲಿ ಎಲ್ಲಿದೆ ಎಂದು ನೋಡಬೇಕು. ವಾಕ್ಯದ ಮೊದಲಿಗೆ ಬರುವವು ಹೆಚ್ಚಾಗಿ ಮಾತಿಗೆ ಪೀಠಿಕೆ ಹಾಕುವಂಥವು: "ಟಿಬಿಎಚ್" ಎಂದರೆ ಟು ಬಿ ಆನೆಸ್ಟ್, "ನಿಜ ಹೇಳಬೇಕೆಂದರೆ"; "ಎನ್‌ಜಿಎಲ್" ಎಂದರೆ ನಾಟ್ ಗೋಯಿಂಗ್ ಟು ಲೈ, "ಸುಳ್ಳು ಯಾಕೆ ಹೇಳಲಿ". ಕೊನೆಗೆ ಬರುವವು ಇಡೀ ಮಾತಿನ ಧಾಟಿಯನ್ನು ತಿಳಿಸುತ್ತವೆ. ಲೋಲ್, "ಎಸ್‌ಎಂಎಚ್", "ಜೆಕೆ" ಈ ಗುಂಪಿನವು (ಇವುಗಳ ಅರ್ಥ ಮುಂದೆ ಬರುತ್ತದೆ). ಒಂಟಿಯಾಗಿ, ಉತ್ತರವಾಗಿ ಬರುವವು ಹಿಂದಿನ ಸಂದೇಶಕ್ಕೆ ಪ್ರತಿಕ್ರಿಯೆ: "ಐಕೆಆರ್" ಎಂದರೆ ಐ ನೋ ರೈಟ್, ಅಂದರೆ ನಾವು "ಅಲ್ವಾ ಮತ್ತೆ!" ಎನ್ನುವ ಜಾಗದಲ್ಲಿ ಅದು ಬರುತ್ತದೆ.

ಎರಡನೆಯದಾಗಿ, ಅದೇ ಅಕ್ಷರಗಳಿಗೆ ನಮ್ಮಲ್ಲಿ ಬೇರೆ ಅರ್ಥ ಇದೆಯೇ ಎಂದು ಯೋಚಿಸಬೇಕು. ಮಾತು ಮುಗಿಸುವಾಗ "ಟಿಸಿ" ಎಂದು ಬಂದರೆ ಅದು ಟೇಕ್ ಕೇರ್, ಅಂದರೆ ಜೋಪಾನ; ಮಕ್ಕಳ ಶಾಲೆಯ ಗುಂಪಿನಲ್ಲಿ ಅದೇ ಬಂದರೆ ವರ್ಗಾವಣೆ ಪತ್ರ. ಬೆಳಿಗ್ಗೆ ಏಳಕ್ಕೆ ಬರುವ "ಜಿಎಂ" ಶುಭೋದಯ, ಹನ್ನೊಂದಕ್ಕೆ ಆಫೀಸಿನ ಗುಂಪಿನಲ್ಲಿ ಬರುವ "ಜಿಎಂ" ಜನರಲ್ ಮ್ಯಾನೇಜರ್. ಹದಿಹರೆಯದ ಮಗಳು ತನ್ನ ಮೆಚ್ಚಿನ ಸೀರಿಯಲ್ಲಿನ ಜೋಡಿಯನ್ನು "ಓಟಿಪಿ" ಎಂದರೆ ಬ್ಯಾಂಕಿನಿಂದ ಬರುವ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಅದು ವನ್ ಟ್ರೂ ಪೇರಿಂಗ್, ಆಕೆಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ. ಅರ್ಥ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರ ಉದಾಹರಣೆಯೇ ಇದೆ. ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರು ಎಲ್‌ಓಎಲ್ (ಅಂದರೆ ಲೋಲ್) ಎಂದರೆ ಲಾಟ್ಸ್ ಆಫ್ ಲವ್ ಎಂದುಕೊಂಡು ಸಂದೇಶಗಳ ಕೊನೆಗೆ ಅದನ್ನು ಹಾಕುತ್ತಿದ್ದರೆಂದೂ, ಅದು ಜೋರು ನಗು ಎಂದು ತಾವೇ ತಿಳಿಸಬೇಕಾಯಿತೆಂದೂ ಪತ್ರಿಕೋದ್ಯಮಿ ರೆಬೆಕಾ ಬ್ರೂಕ್ಸ್ ಅವರು 2012ರಲ್ಲಿ ಬ್ರಿಟನ್ನಿನ ಪತ್ರಿಕೆಗಳ ನಡವಳಿಕೆಯ ಕುರಿತ ಲೆವೆಸನ್ ವಿಚಾರಣೆಯ ಮುಂದೆ ಹೇಳಿದರು.

ಇಷ್ಟಾದರೂ ತಿಳಿಯದಿದ್ದರೆ ಕಳಿಸಿದವರನ್ನೇ ಕೇಳುವುದು ಉತ್ತಮ. ಗುಂಪಿನಲ್ಲಿ ಕೇಳಿದರೆ ಬರೆದವರಿಗೆ ಮುಜುಗರವಾಗಬಹುದಾದ್ದರಿಂದ ಪ್ರತ್ಯೇಕವಾಗಿ "ಇದರ ಅರ್ಥ ಗೊತ್ತಾಗಲಿಲ್ಲ ಕಣಪ್ಪ" ಎಂದು ಒಂದು ಸಾಲು ಹಾಕಿದರೆ ಸಾಕು. ಊಹೆಯ ಮೇಲೆ ಉತ್ತರ ಕೊಡುವುದು ಮಾತ್ರ ಬೇಡ.

ನಗು

ನಗುವಿನ ಸಂಕ್ಷೇಪಗಳು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿವೆ, ಎಲ್ಲಕ್ಕಿಂತ ಹೆಚ್ಚು ತಪ್ಪುತಿಳಿವಳಿಕೆಗೂ ಕಾರಣವಾಗುತ್ತವೆ. ಲೋಲ್ ಎಂದರೆ ಲಾಫಿಂಗ್ ಔಟ್ ಲೌಡ್, ಗಟ್ಟಿಯಾಗಿ ನಗುತ್ತಿದ್ದೇನೆ ಎಂದು ಪಟ್ಟಿಗಳು ಹೇಳುತ್ತವೆ. ಈಗ ಅದನ್ನು ಬರೆಯುವವರು ನಗುತ್ತಿರುವುದು ಅಪರೂಪ. "ನಾಳೆ ಬರೋದು ಡೌಟು ಲೋಲ್" ಎಂಬಲ್ಲಿ ನಗುವ ಸಂಗತಿಯೇ ಇಲ್ಲ. ಬರಲಾಗದು ಎಂಬ ಮಾತಿನ ಗಡಸನ್ನು ಅದು ಸ್ವಲ್ಪ ಮೆತ್ತಗೆ ಮಾಡುತ್ತದೆ, ಅಷ್ಟೇ. ನಾವು ಮಾತಿನಲ್ಲಿ "ಬರೋದು ಡೌಟು ಕಣೋ" ಎನ್ನುವಾಗ "ಕಣೋ" ಮಾಡುವ ಕೆಲಸವೂ ಬಹುಪಾಲು ಇದೇ. ಹಾಗಾಗಿ ವಾಕ್ಯದ ಕೊನೆಯ ಲೋಲ್ ಅನ್ನು ನಗುವೆಂದು ಓದದೆ, "ಇದನ್ನು ದೊಡ್ಡದು ಮಾಡಬೇಡ" ಎಂಬ ಕೋರಿಕೆಯೆಂದು ಓದಿದರೆ ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ. ಇದೇ ಕಾರಣಕ್ಕೆ ಅದನ್ನು ಇನ್ನೊಬ್ಬರ ಕಷ್ಟದ ಮಾತಿಗೆ ಉತ್ತರವಾಗಿ ಒಂಟಿಯಾಗಿ ಹಾಕಬಾರದು. ಅಲ್ಲಿ ಅದು ಅವರ ಕಷ್ಟವನ್ನೇ ಚಿಕ್ಕದು ಮಾಡುತ್ತದೆ.

ನಿಜವಾಗಿ ನಗು ಬಂದಾಗ ಇಂಗ್ಲಿಷಿನಲ್ಲಿ ಏರುಗತಿಯ ರೂಪಗಳಿವೆ. "ಆರ್‌ಓಎಫ್‌ಎಲ್" ಎಂದರೆ ನೆಲದ ಮೇಲೆ ಹೊರಳಾಡಿ ನಗುವುದು. ಇದು ಈಚೆಗೆ ಹಳತಾಗಿ, ಹೆಚ್ಚಾಗಿ ನಲವತ್ತು ದಾಟಿದವರ ಸಂದೇಶಗಳಲ್ಲಿ ಉಳಿದಿದೆ. "ಎಲ್‌ಎಂಎಓ" ಎಂಬುದರಲ್ಲಿ ಅಡಗಿರುವ "ಎ" ಅಕ್ಷರ ಹಿಂಭಾಗವನ್ನು ಒರಟಾಗಿ ಹೆಸರಿಸುವ ಇಂಗ್ಲಿಷ್ ಪದ. ಬರೆಯುವ ಹುಡುಗರಿಗೆ ಅದು ಲಕ್ಷ್ಯದಲ್ಲಿರುವುದಿಲ್ಲ, ಆದರೆ ಅತ್ತೆಯೋ ದೊಡ್ಡಪ್ಪನೋ ಗೂಗಲ್ಲಿನಲ್ಲಿ ಹುಡುಕಿ ನೋಡಿದರೆ ಲಕ್ಷ್ಯಕ್ಕೆ ಬರುತ್ತದೆ. ಮನೆಮಂದಿಯ ಗುಂಪಿಗೆ ಅದು ಬೇಡ.

ಅಲ್ಲಿಗೆ ಬೇಕಾದದ್ದು ನಮ್ಮಲ್ಲೇ ಇದೆ. "ಹಹಹ" ತೆರೆದ ನಗು, "ಹೆಹೆ" ಒಪ್ಪಿಕೊಳ್ಳುವ, ತುಸು ಸಂಕೋಚದ ನಗು, "ಹಿಹಿ" ಕೀಟಲೆಯದು. ಎರಡೇ ಅಕ್ಷರದ "ಹಹ" ಎಂಬುದಕ್ಕೆ ಅಷ್ಟೊಂದು ಬಿಸಿ ಇಲ್ಲ. ಮರ್ಯಾದೆಗೆ ನಕ್ಕಂತೆ ಕಾಣುತ್ತದೆ. ಮೂರು ಅಥವಾ ನಾಲ್ಕು ಬಾರಿ ಬರೆದರೆ ನಗು ನಿಜವೆನಿಸುತ್ತದೆ. ಈ ರೂಪಗಳಲ್ಲಿ ಹಿರಿಯ ಕಿರಿಯ ಎಂಬ ತೊಡಕು ಕಡಿಮೆ, ಏಕೆಂದರೆ ಎದುರಿಗೆ ಕುಳಿತಾಗಲೂ ನಾವು ಹಿರಿಯರ ಮುಂದೆ ಹೀಗೆಯೇ ನಗುತ್ತೇವೆ.

ವ್ಯಂಗ್ಯದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ಇಮೇಲಿನ ವ್ಯಂಗ್ಯ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆಯುವವರು ನಂಬುವಷ್ಟು ಸಲ ಅದು ತಿಳಿಯುವುದಿಲ್ಲ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳುತ್ತಿರುತ್ತದೆ, ಓದುವವರಿಗೆ ಕೇಳುವುದಿಲ್ಲ. ಇದಕ್ಕಾಗಿಯೇ ಜಸ್ಟ್ ಕಿಡಿಂಗ್ ಎಂಬುದರ "ಜೆಕೆ", ಮತ್ತು ಸಾಲಿನ ಕೊನೆಗೆ ಓರೆಗೆರೆ ಹಾಕಿ ಬರೆಯುವ "/ಎಸ್" ಬಳಕೆಗೆ ಬಂದಿವೆ. ಇವುಗಳಲ್ಲಿ ಎರಡನೆಯದು ರೆಡಿಟ್‌ನಂಥ ತಾಣಗಳಿಂದ ಬಂದದ್ದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಚ್ಚಿನವರಿಗೆ ತಿಳಿಯದು. "ವಾಹ್, ಔಟರ್ ರಿಂಗ್ ರೋಡ್ ಇವತ್ತು ಎಷ್ಟು ಖಾಲಿ ಇದೆ" ಎಂದು ಬರೆದು ಅದರ ಮುಂದೆ ಏನೂ ಹಾಕದಿದ್ದರೆ, ಊರಿನಿಂದ ಬರುತ್ತಿರುವ ಚಿಕ್ಕಪ್ಪ ನಂಬಿಕೊಂಡು ಅದೇ ದಾರಿ ಹಿಡಿಯಬಹುದು. "ತಮಾಷೆಗೆ ಹೇಳಿದೆ" ಎಂದು ಸೇರಿಸಿದರೆ ಹಾಸ್ಯ ಸ್ವಲ್ಪ ಸೊರಗುತ್ತದೆ, ನಿಜ. ಚಿಕ್ಕಪ್ಪನ ಎರಡು ಗಂಟೆ ಉಳಿಯುತ್ತದೆ.

ಬೇಸರ, ಸಿಟ್ಟು, ಮುನಿಸು

ಎಸ್‌ಎಂಎಚ್ ಎಂದರೆ ಶೇಕಿಂಗ್ ಮೈ ಹೆಡ್. ತಲೆಯಾಡಿಸುವುದೆಂದರೆ ಇಲ್ಲಿ ಒಪ್ಪಿಗೆಯಲ್ಲ. "ಏನು ಹೇಳುವುದು ಇವರಿಗೆ" ಎಂಬ ಬೇಸರ. ಅದರಲ್ಲಿ ಯಾವಾಗಲೂ ಇನ್ನೊಬ್ಬರ ಮೇಲೆ ಒಂದು ತೀರ್ಪು ಇರುತ್ತದೆ, ಆದ್ದರಿಂದ ಯಾರ ಮೇಲೆ ಎಂಬುದು ಸ್ಪಷ್ಟವಾಗಿರಬೇಕು. "ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತಿದ್ದೀನಿ, ಎಸ್‌ಎಂಎಚ್" ಎಂದರೆ ಯಾರಿಗೂ ನೋವಿಲ್ಲ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ "ಟ್ಯಾಂಕರ್ ಇನ್ನೂ ಬಂದಿಲ್ಲ, ಎಸ್‌ಎಂಎಚ್" ಎಂದರೆ ಅದು ನೇರವಾಗಿ ಸಂಘದ ಕಾರ್ಯದರ್ಶಿಯ ಮೇಲೆ ಬೀಳುತ್ತದೆ. ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿರುವ ಅವರು ರಾತ್ರಿಯವರೆಗೆ ಉತ್ತರ ಬರೆಯುತ್ತ ಕೂರುತ್ತಾರೆ. "ಟ್ಯಾಂಕರ್ ಇನ್ನೂ ಬಂದಿಲ್ಲ ಸರ್, ಸ್ವಲ್ಪ ವಿಚಾರಿಸ್ತೀರಾ?" ಎಂದು ಬರೆದರೆ ಬೇಸರವೂ ತಿಳಿಯುತ್ತದೆ, ನೀರೂ ಬರುತ್ತದೆ.

"ಡಬ್ಲ್ಯೂಟಿಎಫ್", "ಎಫ್‌ಎಂಎಲ್" ಎಂಬುವುಗಳಲ್ಲಿನ "ಎಫ್" ಬೈಗುಳ. ಮೊಟಕು ಮಾಡಿದ ಮಾತ್ರಕ್ಕೆ ಬೈಗುಳ ಬೈಗುಳವಲ್ಲದೆ ಹೋಗುವುದಿಲ್ಲ. ಆಶ್ಚರ್ಯವನ್ನಷ್ಟೇ ಹೇಳಬೇಕಾದರೆ ಓಎಂಜಿ ಸಾಕು, ಅಥವಾ "ಅಯ್ಯೋ ದೇವರೇ" ಇದ್ದೇ ಇದೆ.

ಬೈಗುಳಕ್ಕಿಂತ ಹೆಚ್ಚು ನೋಯಿಸುವವು ಮೆತ್ತಗಿನವು. ನೆವರ್ ಮೈಂಡ್ ಎಂಬುದರ "ಎನ್‌ವಿಎಂ" ಮೇಲ್ನೋಟಕ್ಕೆ "ಪರವಾಗಿಲ್ಲ ಬಿಡು". ಆದರೆ ಒಬ್ಬರು ಎರಡು ಬಾರಿ ವಿವರಣೆ ಕೇಳಿದ ಮೇಲೆ ಎನ್‌ವಿಎಂ ಎಂದರೆ "ನಿನಗೆ ಹೇಳಿ ಪ್ರಯೋಜನವಿಲ್ಲ" ಎಂದೇ ಅವರಿಗೆ ಕೇಳಿಸುತ್ತದೆ. ಐ ಡೋಂಟ್ ನೋ ಎಂಬ "ಐಡಿಕೆ" ಗೊತ್ತಿಲ್ಲ ಎನ್ನುತ್ತದೆ, ಐ ಡೋಂಟ್ ಕೇರ್ ಎಂಬ "ಐಡಿಸಿ" ನನಗೇನು ಎನ್ನುತ್ತದೆ. ಬೆರಳು ತಪ್ಪಿ ಮೊದಲನೆಯದರ ಬದಲು ಎರಡನೆಯದು ಹೋದರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಓಕೆ ಎಂಬುದನ್ನೂ ಮೊಟಕು ಮಾಡಿದ ಒಂಟಿ "ಕೆ" ಮುನಿಸಿನ ಗುರುತೆಂದು ಕಿರಿಯರೆಲ್ಲರಿಗೂ ಗೊತ್ತು. ಹಿರಿಯರಿಗೆ ಅದು ಬರೀ ಒಪ್ಪಿಗೆ. ಅಮ್ಮ "ಕೆ" ಎಂದು ಕಳಿಸಿದರೆ ಆಕೆಗೆ ಕೋಪವಿಲ್ಲ, ಗೆಳತಿ ಕಳಿಸಿದರೆ ಬಹುಶಃ ಇದೆ.

ಕೊನೆಯ ಚುಕ್ಕಿಯೂ ಇದೇ ಜಾತಿಯದು. ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಸೀಲಿಯಾ ಕ್ಲಿನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೂರ್ಣವಿರಾಮ ಹಾಕಿದ ಒಂದು ಪದದ ಉತ್ತರಗಳನ್ನು ವಿದ್ಯಾರ್ಥಿಗಳು ಅಷ್ಟೊಂದು ಮನಃಪೂರ್ವಕವಲ್ಲವೆಂದು ಎಣಿಸಿದರು. ಕೈಬರಹದ ಚೀಟಿಯಲ್ಲಿ ಅದೇ ಚುಕ್ಕಿಗೆ ಆ ಪರಿಣಾಮ ಇರಲಿಲ್ಲ. ಕನ್ನಡದಲ್ಲೂ "ಸರಿ" ಮತ್ತು "ಸರಿ." ಒಂದೇ ಅಲ್ಲ. ಅದಕ್ಕಿಂತಲೂ "ಆಯ್ತು" ಮತ್ತು "ಆಯ್ತು ಬಿಡಿ" ನಡುವಿನ ದೂರ ಹೆಚ್ಚು. ಎರಡನೆಯದನ್ನು ಓದಿದ ಮೇಲೆ ಕೂಡಲೇ ಫೋನ್ ಮಾಡುವುದು ಲೇಸು.

ಪ್ರೀತಿ, ಕಾಳಜಿ, ಶುಭಾಶಯ

ಇಲ್ಲಿ ಹೇಳಬೇಕಾದದ್ದು ಕಡಿಮೆ. "ಐಎಲ್‌ವೈ" ಪ್ರೀತಿ, "ಐಎಂವೈ" ನೆನಪು, ಇವುಗಳ ಕೊನೆಗೆ "ಎಸ್‌ಎಂ" ಸೇರಿದರೆ ಬಹಳ ಎಂದರ್ಥ. "143" ಪೇಜರ್ ಕಾಲದ್ದು. ಐ ಲವ್ ಯೂ ಎಂಬ ಮೂರು ಪದಗಳ ಅಕ್ಷರಗಳ ಎಣಿಕೆ. "ಎಕ್ಸ್‌ಓಎಕ್ಸ್‌ಓ" ಎಂದರೆ ಅಪ್ಪುಗೆ ಮತ್ತು ಮುತ್ತು. ವಿದೇಶದ ಸಹೋದ್ಯೋಗಿಯ ಸಂದೇಶದ ಕೊನೆಯಲ್ಲಿ ಅದು ಬಂದರೆ ಬೇರೆ ಅರ್ಥ ಹುಡುಕುವುದು ಬೇಡ. ಗೆಳೆಯರು ನಮ್ಮನ್ನು ಬಿಟ್ಟು ಎಲ್ಲೋ ಹೋಗಿ ಬಂದಾಗ ಆಗುವ ಹೊಟ್ಟೆಕಿಚ್ಚು ಬೆರೆತ ಕಳವಳಕ್ಕೆ "ಫೋಮೋ" ಎನ್ನುತ್ತಾರೆ, ಫಿಯರ್ ಆಫ್ ಮಿಸ್ಸಿಂಗ್ ಔಟ್. ಕನ್ನಡಿಗರು ಇದನ್ನು ಸೊಗಸಾಗಿ ಒಗ್ಗಿಸಿಕೊಂಡಿದ್ದಾರೆ: ನಮಗೆ ಹಸಿವಾಗುವಂತೆ, ಬೇಜಾರಾಗುವಂತೆ "ನನಗೆ ಫೋಮೋ ಆಗ್ತಿದೆ". ಇದೇ ಒಳ್ಳೆಯ ಸೂತ್ರ. ಹೆಸರಿನಂತಿರುವ ಸಂಕ್ಷೇಪಕ್ಕೆ "ಆಗು" ಸೇರಿಸಿ, ಉದ್ಗಾರದಂತಿರುವುದಕ್ಕೆ "ಅನ್ನು" ಸೇರಿಸಿ. "ಓಎಂಜಿ ಅನ್ನಿಸ್ತು" ಕನ್ನಡ. "ಓಎಂಜಿ ಆಯ್ತು" ಅಲ್ಲ.

ಹುಟ್ಟುಹಬ್ಬದ "ಎಚ್‌ಬಿಡಿ" ಅನುಕೂಲಕರವೇನೋ ಹೌದು. ಇನ್ನೂರು ಜನರ ಗುಂಪಿನಲ್ಲಿ ನಲವತ್ತನೆಯವರಾಗಿ ಶುಭ ಕೋರುವಾಗ ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುವುದಿಲ್ಲ. ಒಬ್ಬರಿಗೇ ಪ್ರತ್ಯೇಕವಾಗಿ ಬರೆಯುವಾಗ ಹಾಗೆ ಬರೆದರೆ ಬರೆಯದಿರುವುದಕ್ಕಿಂತ ಕಡೆ.

ಸಾವಿನ ಸುದ್ದಿಗೆ

"ಆರ್‌ಐಪಿ" ಲ್ಯಾಟಿನ್ ಭಾಷೆಯ ಒಂದು ಹಳೆಯ ಪ್ರಾರ್ಥನಾವಾಕ್ಯದ ಮೊದಲಕ್ಷರಗಳು. ಇಂಗ್ಲಿಷಿನ ರೆಸ್ಟ್ ಇನ್ ಪೀಸ್ ಎಂಬುದಕ್ಕೂ ಅವೇ ಹೊಂದುತ್ತವೆ. ಗೋರಿಕಲ್ಲಿನ ಮೇಲೆ ಅದು ಗಂಭೀರವಾದ ಬರಹ. ಚಾಟ್‌ನಲ್ಲಿ ಹಾಗಲ್ಲ, ಏಕೆಂದರೆ ಹುಡುಗರು ಅದನ್ನೇ ತಮಾಷೆಗೂ ಬಳಸುತ್ತಾರೆ: "ನಾಳೆ ಇಂಟರ್ನಲ್ಸ್, ನಾನು ರಿಪ್". ಬೆಳಿಗ್ಗೆ ಪರೀಕ್ಷೆಗೆ ಬಳಸಿದ ಅಕ್ಷರಗಳನ್ನೇ ಸಂಜೆ ಯಾರದೋ ತಂದೆಯ ಸಾವಿಗೆ ಬಳಸುವುದು ಸಲ್ಲದು. "ಓಂ ಶಾಂತಿ" ಎಂಬುದೂ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ನಕಲಿಸಿ ಅಂಟಿಸುವುದರಿಂದ ಸವಕಲಾಗಿದೆ, ಆದರೂ ಅಷ್ಟು ಒರಟಲ್ಲ. ಗುಂಪಿನಲ್ಲಿ ಕೈಮುಗಿದ ಎಮೋಜಿ ಹಾಕಿ ಸುಮ್ಮನಾಗಬಹುದು. ಹತ್ತಿರದವರಿಗಾದರೆ ಪ್ರತ್ಯೇಕವಾಗಿ, ತೀರಿಕೊಂಡವರ ಹೆಸರು ಅಥವಾ ಸಂಬಂಧವನ್ನು ಹೇಳಿ ಬರೆಯಬೇಕು: "ಅಜ್ಜಿಯ ಸುದ್ದಿ ಕೇಳಿ ಬಹಳ ಬೇಜಾರಾಯ್ತು ಅಕ್ಕಾ. ಸಂಜೆ ಮನೆ ಕಡೆ ಬರ್ತೀನಿ." ಕಾಯಿಲೆಯ ವಿಷಯದಲ್ಲೂ ಗೆಟ್ ವೆಲ್ ಸೂನ್ ಎಂಬುದನ್ನು "ಜಿಡಬ್ಲ್ಯೂಎಸ್" ಮಾಡಿ ಕಳಿಸುವುದಕ್ಕಿಂತ "ಊಟಕ್ಕೆ ಏನಾದ್ರೂ ಕಳಿಸಲಾ?" ಎಂದು ಕೇಳುವುದು ಮೇಲು.

ಸಂಬಂಧವನ್ನು ಸೇರಿಸುವುದು

ಕನ್ನಡಕ್ಕೆ ಸಂಕ್ಷೇಪ ಹೊಸದಲ್ಲ. ಕುವೆಂಪು, ಪುತಿನ, ಅನಕೃ ಎಂದು ಹೆಸರುಗಳನ್ನೇ ಅಕ್ಷರಗಳಾಗಿ ಕೂಡಿಸಿ ಕರೆದವರು ನಾವು. ಹಳೆಯ ಕಾಗದಗಳಲ್ಲಿ "ತೀ.ರೂ." ಎಂದರೆ ತೀರ್ಥರೂಪರು, ಅಂದರೆ ತಂದೆ, "ಚಿ." ಎಂದರೆ ಚಿರಂಜೀವಿ, "ಸೌ." ಎಂದರೆ ಸೌಭಾಗ್ಯವತಿ. ಗಮನಿಸಿದರೆ ಆ ಕಾಗದಗಳಲ್ಲಿ ಮೊಟಕಾಗುತ್ತಿದ್ದುದು ಸಂಬಂಧಸೂಚಕಗಳು. ಸಂತೋಷ, ದುಃಖ, ಚಿಂತೆಗಳನ್ನು ಪೂರ್ತಿಯಾಗಿಯೇ ಬರೆಯುತ್ತಿದ್ದರು. ಸಂಬಂಧ ಮೊದಲೇ ಗೊತ್ತಿದ್ದುದರಿಂದ ಒಂದಕ್ಷರ ಸಾಕಾಗುತ್ತಿತ್ತು, ಆದರೆ ಅದು ಇರಲೇಬೇಕಿತ್ತು. ಇಂಗ್ಲಿಷಿನ ಚಾಟ್ ಸಂಕ್ಷೇಪಗಳು ಇದನ್ನು ತಿರುವುಮುರುವು ಮಾಡಿವೆ: ಭಾವ ಮೊಟಕು, ಸಂಬಂಧ ನಾಪತ್ತೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ" ಇರುವುದರಿಂದ ಅಲ್ಲಿ ಇದು ನಡೆಯುತ್ತದೆ. ನಮ್ಮಲ್ಲಿ ನೀನು, ನೀವು, ಬಾ, ಬನ್ನಿ, ಕಣೋ, ಕಣೇ, ಕಣ್ರೀ ಎಂದು ಪ್ರತಿ ವಾಕ್ಯದಲ್ಲೂ ಸಂಬಂಧವನ್ನು ಹೇಳುತ್ತಲೇ ಇರುತ್ತೇವೆ.

ಆದ್ದರಿಂದ ಪರಿಹಾರ ಸುಲಭ. ಸಂಕ್ಷೇಪವನ್ನು ಒಂಟಿಯಾಗಿ ಬಿಡದೆ ಅದರ ಪಕ್ಕದಲ್ಲಿ ಒಂದು ಸಂಬೋಧನೆಯನ್ನು ಇಡಿ. "ಲೋಲ್ ಮಗಾ", "ಓಎಂಜಿ ಗುರು" ಎಂದರೆ ಅದು ಬೆಂಗಳೂರಿನ ಗೆಳೆಯರ ಮಾತು. "ಓಎಂಜಿ ಅಕ್ಕಾ, ಎಷ್ಟು ಚೆನ್ನಾಗಿದೆ!" ಎಂದರೆ ಅಕ್ಕನಿಗೆ ಹೇಳಿದ್ದು. ಥ್ಯಾಂಕ್ ಯೂ ಸೋ ಮಚ್ ಎಂಬುದರ "ಟಿವೈಎಸ್‌ಎಂ" ಒಂದನ್ನೇ ಮಾವನವರಿಗೆ ಕಳಿಸಿದರೆ ಅವರಿಗೆ ಅದು ಯಾವುದೋ ರೈಲ್ವೆ ನಿಲ್ದಾಣದ ಸಂಕೇತದಂತೆ ಕಾಣಬಹುದು. "ತುಂಬಾ ಥ್ಯಾಂಕ್ಸ್ ಮಾವ" ಎಂದರೆ ಎಲ್ಲವೂ ಸರಿಹೋಗುತ್ತದೆ. ಒಂದು ಪರೀಕ್ಷೆ ಮಾಡಿ ನೋಡಬಹುದು: ಆ ಸಂಕ್ಷೇಪದ ಮುಂದೆ "ಸರ್" ಅಥವಾ "ದೊಡ್ಡಮ್ಮ" ಎಂದು ಸೇರಿಸಿ ಓದಿಕೊಳ್ಳಿ. "ಎಸ್‌ಎಂಎಚ್ ಸರ್", "ಐಡಿಸಿ ದೊಡ್ಡಮ್ಮ" ಎಂಬುವು ಬಾಯಿಗೇ ಬರುವುದಿಲ್ಲವಾದರೆ ಆ ಸಂಕ್ಷೇಪ ಆ ವ್ಯಕ್ತಿಗೆ ಸಲ್ಲುವುದಿಲ್ಲ.

ಒಂದು ವಿನಾಯಿತಿ ಉಂಟು. ಬೆಂಗಳೂರಿನ ಅಪಾರ್ಟ್‌ಮೆಂಟ್ ಮತ್ತು ಆಫೀಸು ಗುಂಪುಗಳಲ್ಲಿ ತಮಿಳು, ತೆಲುಗು, ಮಲಯಾಳಂ, ಹಿಂದಿ ಮಾತನಾಡುವವರೂ ಇರುವುದರಿಂದ ಈ ಅಕ್ಷರಗಳು ಎಲ್ಲರಿಗೂ ಅರ್ಥವಾಗುವ ಸಾಮಾನ್ಯ ಭಾಷೆಯಾಗಿವೆ. ಅಲ್ಲಿ ಸಂಬೋಧನೆಗೆ "ಜಿ" ಎಂದೋ "ಸರ್" ಎಂದೋ ಹಾಕಿದರೆ ಸಾಕು. "ಕಣ್ರೀ" ಎಲ್ಲರಿಗೂ ತಲುಪದು.

ಕನ್ನಡ ಲಿಪಿಯಲ್ಲಿ

ಕನ್ನಡ ಕೀಬೋರ್ಡಿನಲ್ಲಿ ಬರೆಯುವವರು ಒಂದು ಸಣ್ಣ ಲೆಕ್ಕ ಹಾಕಬೇಕು. "ಎಸ್‌ಎಂಎಚ್" ಎಂಬುದಕ್ಕೆ ಕನ್ನಡದಲ್ಲಿ ಅರ್ಧಾಕ್ಷರದ ಗುರುತುಗಳೂ ಸೊನ್ನೆಯೂ ಸೇರಿ ಎಂಟು ಒಂಬತ್ತು ಸಂಕೇತಗಳು ಬೇಕು. "ಛೇ" ಎಂಬುದಕ್ಕೆ ಎರಡು. ಮೊಟಕಾದದ್ದು ಯಾವುದು? ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವ ಸಂಕ್ಷೇಪಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ದಂಡ. ಲೋಲ್, ಫೋಮೋ ಮುಂತಾಗಿ ಒಂದೇ ಪದದಂತೆ ಉಚ್ಚರಿಸುವವು ಮಾತ್ರ ನಮ್ಮ ಲಿಪಿಗೆ ಸಲೀಸಾಗಿ ಹೊಂದುತ್ತವೆ. ಉಳಿದವುಗಳ ಜಾಗದಲ್ಲಿ ಛೇ, ಥೂ, ಅಯ್ಯೋ, ಅಬ್ಬಾ, ಹೌದಾ, ಅಯ್ಯಪ್ಪಾ ಎಂಬುವನ್ನು ಬಳಸಿದರೆ ಬರಹವೂ ಚಿಕ್ಕದು, ಭಾವವೂ ಪೂರ್ತಿ.

ರೋಮನ್ ಲಿಪಿಯಲ್ಲಿ ದೊಡ್ಡಕ್ಷರದಲ್ಲೇ ಬರೆದರೆ ಕೂಗಿದಂತೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲದ್ದರಿಂದ, ಒತ್ತಿ ಹೇಳಬೇಕಾದ ಪದದ ಎರಡು ಬದಿಗೂ ನಕ್ಷತ್ರಚಿಹ್ನೆ ಹಾಕಿದರೆ ವಾಟ್ಸ್ಆ್ಯಪ್ ಅದನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ದನಿ ಎಳೆಯುವುದಕ್ಕೆ ಇನ್ನೊಂದು ಉಪಾಯವಿದೆ. "ಅ‌ಯ್ಯೋ" ಎಂಬುದರ ಕೊನೆಯ ಸ್ವರಚಿಹ್ನೆಯನ್ನೇ ಮತ್ತೆ ಮತ್ತೆ ಒತ್ತಿದರೆ ಹಲವು ಫೋನುಗಳಲ್ಲಿ ಚುಕ್ಕಿಗಳ ಖಾಲಿ ವೃತ್ತಗಳು ಮೂಡುತ್ತವೆ. ಅದರ ಬದಲು ಪೂರ್ಣ ಸ್ವರವನ್ನು ಸೇರಿಸಬೇಕು: "ಅಯ್ಯೋಓಓ", "ಹೌದಾಆಆ". ನೋಡುವುದಕ್ಕೂ ಚೆನ್ನ, ಮನಸ್ಸಿನಲ್ಲಿ ಓದಿಕೊಂಡರೆ ದನಿಯೂ ಸರಿಯಾಗಿ ಬರುತ್ತದೆ.

ಆಫೀಸಿನಲ್ಲಿ

ಆಫೀಸಿನ ಚಾಟ್‌ನಲ್ಲಿ ಭಾವಕ್ಕಿಂತ ಅಭಿಪ್ರಾಯವನ್ನು ಮೆತ್ತಗೆ ಮಾಡುವ ಸಂಕ್ಷೇಪಗಳೇ ಹೆಚ್ಚು. "ಐಎಂಓ" ಎಂದರೆ ನನ್ನ ಅಭಿಪ್ರಾಯದಲ್ಲಿ. ನಡುವೆ "ಎಚ್" ಸೇರಿ "ಐಎಂಎಚ್‌ಓ" ಆದರೆ ಅದನ್ನು ಕೆಲವರು ವಿನಮ್ರ ಎಂದೂ, ಕೆಲವರು ಪ್ರಾಮಾಣಿಕ ಎಂದೂ ಬಿಡಿಸುತ್ತಾರೆ. ಈ ಎರಡು ಧಾಟಿಗಳು ಒಂದಕ್ಕೊಂದು ದೂರವಾದ್ದರಿಂದ ಮೇಲಧಿಕಾರಿಗೆ ಬರೆಯುವಾಗ "ನನಗನ್ನಿಸೋದು" ಎಂದೇ ಬರೆಯುವುದು ಕ್ಷೇಮ. ಲೋಲ್ ಅನ್ನು ಸಮಾನರಿಗೆ ಮಾತ್ರ ಮೀಸಲಿಡಿ, ಅದೂ ಗ್ರಾಹಕರು ಇಲ್ಲದ ಗುಂಪಿನಲ್ಲಿ.

ಎಮೋಜಿಯ ಬಗ್ಗೆಯೂ ಒಂದು ಮಾತು. ವಾಟ್ಸ್ಆ್ಯಪ್ 2022ರಲ್ಲಿ ಸಂದೇಶಗಳಿಗೆ ನೇರ ಪ್ರತಿಕ್ರಿಯೆಯಾಗಿ ಆರು ಎಮೋಜಿಗಳನ್ನು ಕೊಟ್ಟ ಮೇಲೆ ಅನೇಕ ಸಂಕ್ಷೇಪಗಳ ಕೆಲಸವನ್ನು ಅವೇ ಮಾಡುತ್ತಿವೆ. ಹೆಬ್ಬೆರಳು ಎತ್ತಿದರೆ "ನೋಡಿದೆ" ಎಂದೋ "ಒಪ್ಪಿದೆ" ಎಂದೋ ಸ್ಪಷ್ಟವಿಲ್ಲ. 2023ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ನ್ಯಾಯಾಲಯವೊಂದು, ಅಗಸೆ ಮಾರಾಟದ ಒಪ್ಪಂದದ ಫೋಟೋಕ್ಕೆ ರೈತರೊಬ್ಬರು ಕಳಿಸಿದ ಹೆಬ್ಬೆರಳನ್ನು ಸಹಿಯೆಂದೇ ಪರಿಗಣಿಸಿ 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕೊಡುವಂತೆ ಆದೇಶಿಸಿತು. ಹಣಕಾಸಿನ ಮಾತಿಗೆ "ನೋಡಿದೆ ಸರ್, ನಾಳೆ ತಿಳಿಸ್ತೀನಿ" ಎಂದು ಅಕ್ಷರದಲ್ಲೇ ಬರೆಯಿರಿ.

ತಪ್ಪು ಧಾಟಿಯಲ್ಲಿ ಸಂದೇಶ ಹೋಗಿಬಿಟ್ಟರೆ ವಾಟ್ಸ್ಆ್ಯಪ್‌ನಲ್ಲಿ 15 ನಿಮಿಷಗಳೊಳಗೆ ಅದನ್ನು ತಿದ್ದಲು ಅವಕಾಶವಿದೆ. ಸಂದೇಶವನ್ನು ಒತ್ತಿ ಹಿಡಿದರೆ ಆ ಆಯ್ಕೆ ಸಿಗುತ್ತದೆ, ತಿದ್ದಿದ ಗುರುತೂ ಪಕ್ಕದಲ್ಲಿ ಉಳಿಯುತ್ತದೆ. ಆ ಸಮಯ ಮೀರಿದ್ದರೆ ಅಳಿಸಲು ಹೋಗಬೇಡಿ, ಏಕೆಂದರೆ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಉಳಿದು ಇನ್ನಷ್ಟು ಊಹೆಗಳಿಗೆ ದಾರಿ ಮಾಡುತ್ತದೆ. ಅದೇ ಸಂದೇಶಕ್ಕೆ ಉತ್ತರವಾಗಿ, ಯಾವ ಸಂಕ್ಷೇಪವೂ ಇಲ್ಲದೆ, ಸಂಬೋಧನೆಯ ಸಮೇತ ಒಂದು ಪೂರ್ಣ ವಾಕ್ಯ ಬರೆಯಿರಿ: "ಚಿಕ್ಕಮ್ಮ, ನಾನು ನಕ್ಕಿದ್ದು ಮೇಲಿನ ಫೋಟೋ ನೋಡಿ, ನಿಮ್ಮ ಮಾತಿಗಲ್ಲ."